ಪುಲಾವ್ ಉಬಿನ್‌ನಲ್ಲಿ ಅರ್ಧ ಮಿಲಿಮೀಟರ್

ಊರಿನಿಂದ ನೆಂಟರು ಬಂದರೆ ಮರ್ಲಯನ್, ಸೆಂತೋಸಾ, ಮುಸ್ತಫಾ ಸುತ್ತಿಸಿ ವಿಮಾನ ಹತ್ತಿಸುವುದು ಸಿಂಗಪುರದ ಕನ್ನಡಿಗರೆಲ್ಲರ ವಾಡಿಕೆ. ಆ ವಿಮಾನ ನಿಲ್ದಾಣಕ್ಕೆ ಸಮೀಪದಲ್ಲೇ ಚಾಂಗಿ ಪಾಯಿಂಟ್ ಜೆಟ್ಟಿಯಿದೆ. ಅಲ್ಲಿನ ಬಂಬೋಟ್‌ಗೆ ವೇಳಾಪಟ್ಟಿಯಿಲ್ಲ. ನಮ್ಮೂರ ಸರ್ವಿಸ್ ಟೆಂಪೋದ ಹಾಗೆ ಹನ್ನೆರಡು ಜನ ತುಂಬಿದರೆ ಹೊರಡುತ್ತದೆ. ಹತ್ತು ಹದಿನೈದು ನಿಮಿಷದಲ್ಲಿ ಪುಲಾವ್ ಉಬಿನ್!

ಉಬಿನ್ ಕಲ್ಲಿನ ದ್ವೀಪ. 1850ರ ಸುಮಾರಿಗೆ ಹಾರ್ಸ್‌ಬರ್ಗ್ ದೀಪಸ್ತಂಭಕ್ಕೆ ಗ್ರಾನೈಟ್ ಹೋದದ್ದು ಇಲ್ಲಿಂದಲೇ. ಕೊನೆಯ ಗಣಿ 1999ರಲ್ಲಿ ಮುಚ್ಚಿತು. ಗಣಿಗಳೊಂದಿಗೆ ಜನರೂ ಖಾಲಿಯಾಗಿ, ಈಗ ಉಳಿದವರು ಕೆಲವೇ ಡಜನ್. ಹೆಚ್ಚಿನವರು ವಯಸ್ಸಾದವರು.

ಬಂಬೋಟ್‌ಗಳದ್ದು ಡೀಸೆಲ್ ಎಂಜಿನ್. ಒತ್ತಡದ ಬಿಸಿಗೇ ಎಣ್ಣೆ ಹೊತ್ತಿಕೊಳ್ಳುವುದರಿಂದ ಕಿಡಿಯ ಗೊಡವೆಯಿಲ್ಲ. ಆದರೆ ನಮ್ಮ ಸ್ನೇಹಿತರೊಬ್ಬರ ಪುಟ್ಟ ದೋಣಿಗೆ 1960ರ ದಶಕದ ಎರಡು ಸಿಲಿಂಡರಿನ ಪೆಟ್ರೋಲ್ ಔಟ್‌ಬೋರ್ಡ್ ಮೋಟಾರಿದೆ. ಅದು ನಡುಗಡಲಿನಲ್ಲಿ ಕೆಮ್ಮಿ ನಿಲ್ಲತೊಡಗಿತು. ಉಬಿನ್ ಕಾಲುವೆಯಲ್ಲಿ ಉಬ್ಬರವಿಳಿತದ ಸೆಳೆತ ಜೋರು, ಬಾರ್ಜುಗಳ ಓಡಾಟವೂ ಉಂಟು. ಅಲ್ಲಿ ಮೋಟಾರು ನಿಲ್ಲುವುದು ತಮಾಷೆಯಲ್ಲ. ಒಂದು ವರ್ಕ್‌ಶಾಪಿನವರು "ಗುಜರಿಗೆ ಹಾಕಿ" ಎಂದರು. ಸ್ನೇಹಿತರು ಕೇಳಲಿಲ್ಲ. ಉಬಿನ್‌ನ ಒಬ್ಬ ಹಿರಿಯ ಚೀನೀ ಮೆಕ್ಯಾನಿಕ್ ಬಳಿ ಒಯ್ದರು. ಜೊತೆಗೆ ಅವರ ಹದಿಹರೆಯದ ಮಗಳೂ ನಾನೂ ಹೋದೆವು.

ಆತ ಮೊದಲು ಕೇಳಿದ್ದು ರೋಗದ ಚರಿತ್ರೆ! ತಣ್ಣಗಿದ್ದಾಗಲೋ ಬಿಸಿಯಾದ ಮೇಲೋ? ಒಂದು ಸಿಲಿಂಡರೋ ಎರಡೋ? ಸ್ಕ್ಯಾನ್‌ಗೆ ಬರೆಯುವ ಮೊದಲು ರೋಗಿಯನ್ನು ಮಾತಾಡಿಸಬೇಕೆಂದು ನಾವು ಕಿರಿಯ ವೈದ್ಯರಿಗೆ ಹೇಳುವುದೂ ಇದನ್ನೇ. ಆಮೇಲೆ ಪ್ಲಗ್ಗು ಬಿಚ್ಚಿ, ಫ್ಲೈವೀಲ್ ತೆಗೆದರು.

ಅದರಡಿ ಕೂತಿರುವುದೇ ಮೋಟಾರಿನ ಪೇಸ್‌ಮೇಕರ್. ಫ್ಲೈವೀಲಿನ ಅಯಸ್ಕಾಂತ ಸುತ್ತಿದಾಗ ಕಾಯಿಲ್‌ನಲ್ಲಿ ವಿದ್ಯುತ್ ಹುಟ್ಟುತ್ತದೆ. ಪಾಯಿಂಟ್ ಎಂಬ ಎರಡು ಪುಟ್ಟ ಲೋಹದ ತುಟಿಗಳು ಬೇರೆಯಾದ ಕ್ಷಣ ಆ ಹರಿವು ಕಡಿದು, ಪ್ಲಗ್ಗಿನಲ್ಲಿ ಕಿಡಿ ಹಾರುತ್ತದೆ. ತುಟಿಗಳೇ ಸುಟ್ಟುಹೋಗದಂತೆ ಪಕ್ಕದಲ್ಲೊಂದು ಕಂಡೆನ್ಸರ್. ನಿಮಿಷಕ್ಕೆ 4000 ಸುತ್ತಿನಲ್ಲಿ ಒಂದು ಸುತ್ತಿಗೆ ಸಿಗುವುದು ಕೇವಲ 15 ಮಿಲಿಸೆಕೆಂಡು. ಅಷ್ಟರೊಳಗೆ ಕಿಡಿ ಸರಿಯಾದ ಕ್ಷಣಕ್ಕೇ ಬೀಳಬೇಕು.

ಉಪ್ಪುಗಾಳಿಗೆ ಪಾಯಿಂಟ್ ಮಂಕಾಗಿತ್ತು. ಕ್ಯಾಮ್‌ಗೆ ಉಜ್ಜುವ ತುಂಡು ಸವೆದಿತ್ತು. ಸವೆದರೆ ಅಂತರ ಕಿರಿದಾಗಿ, ತುಟಿ ತಡವಾಗಿ ತೆರೆದು, ಕಿಡಿಯೂ ತಡ. ಅಂತರ ಅತಿಯಾದರೆ ಕಿಡಿ ಬೇಗ ಬಿದ್ದು ಪಿಸ್ಟನ್ನಿಗೇ ಪೆಟ್ಟು. ಇಂಥ ಮೋಟಾರಿನಲ್ಲಿ ಅಂತರವೇ ಸಮಯ. ಕೈಪಿಡಿ ಹೇಳುವುದು 0.020 ಇಂಚು, ಅಂದರೆ ಸುಮಾರು ಅರ್ಧ ಮಿಲಿಮೀಟರ್.

ತುಟಿಗಳನ್ನು ಒರೆಸಿ, ಕ್ಯಾಮಿನ ಎತ್ತರದ ಭಾಗದಲ್ಲಿ ನಿಲ್ಲಿಸಿ, ನಡುವೆ ಫೀಲರ್ ಗೇಜ್ ತೂರಿಸಿದರು. ಗೇಜ್ ಸಡಿಲವಾಗಿ ಜಾರಬಾರದು, ಸಿಕ್ಕಿಕೊಳ್ಳಲೂಬಾರದು. ಬಳಿಕ ಕಾಯಿಲ್ ತಂತಿ ಬಿಡಿಸಿ, ಪಾಯಿಂಟಿಗೆ ಮೀಟರ್ ಜೋಡಿಸಿ, ಚಕ್ರವನ್ನು ಓಡುವ ದಿಕ್ಕಿಗೇ ಮೆಲ್ಲಗೆ ತಿರುಗಿಸಿದರು. ಗುರುತುಗಳು ಎದುರಾದಾಗಲೇ ಸಂಪರ್ಕ ಕಡಿಯಬೇಕು. ಎರಡನೆಯ ಸಿಲಿಂಡರಿನದು ಸರಿಯಾಗಿ ಅರ್ಧ ಸುತ್ತಿನ ನಂತರ.

ಆದರೆ ಅವರ ಬೆರಳು ನಡುಗುತ್ತಿತ್ತು. ವೈದ್ಯನ ಕಣ್ಣಿಗೆ ಅದು ಮೊದಲೇ ಬಿದ್ದಿತ್ತು. ಎರಡನೆಯ ಪಾಯಿಂಟಿಗೆ ಬಂದಾಗ ಗೇಜನ್ನು ಸುಮ್ಮನೆ ಹುಡುಗಿಯ ಕೈಗಿಟ್ಟರು. "ಎಳೆದು ನೋಡು. ಬೆಣ್ಣೆಯಲ್ಲಿ ಚಾಕು ಎಳೆದ ಹಾಗಿರಬೇಕು" ಎಂದು ಮುರುಕು ಇಂಗ್ಲಿಷಿನಲ್ಲಿ ಹೇಳಿದರು. ಮೊದಲ ಸಲ ಬಿಗಿ, ಎರಡನೆಯ ಸಲ ಸಡಿಲ. ಐದನೆಯ ಸಲಕ್ಕೆ ಆಕೆಯ ಮುಖ ಅರಳಿತು. ಮೀಟರಿನ ಮುಳ್ಳು ಗುರುತಿನ ಮೇಲೆಯೇ ಬಿದ್ದಿತು! ಎರಡನೇ ಹಗ್ಗದೆಳೆತಕ್ಕೆ ಮೋಟಾರು ಹೊತ್ತಿಕೊಂಡು ಸಮನಾಗಿ ಗುನುಗತೊಡಗಿತು.

"ನಿಮ್ಮ ನಂತರ ಯಾರು?" ಎಂದು ಕೇಳಿದೆ. ಮಕ್ಕಳು ಪಟ್ಟಣದಲ್ಲಿ ಆಫೀಸಿನಲ್ಲಿದ್ದಾರೆ ಎಂದು ನಕ್ಕರು. ನಮ್ಮ ಮಲ್ಪೆ, ಗಂಗೊಳ್ಳಿಯ ಹಿರಿಯರು ಕೊಡುವ ಉತ್ತರವೂ ಇದೇ ಅಲ್ಲವೇ?

1970ರ ದಶಕದ ಕೊನೆಗೆ ಎಲೆಕ್ಟ್ರಾನಿಕ್ ಇಗ್ನಿಷನ್ ಬಂದು ಪಾಯಿಂಟುಗಳ ಕಾಲ ಮುಗಿಯುತ್ತ ಬಂತು. ಒಳ್ಳೆಯದೇ ಆಯಿತು, ಸವೆಯುವುದಕ್ಕೆ ಏನೂ ಇಲ್ಲ. ಆದರೆ ಉಳಿದ ಹಳೆಯ ಮೋಟಾರುಗಳಿಗೆ ಬೇಕಾದದ್ದು ಒಂದು ಗೇಜ್, ಒಂದಿಷ್ಟು ತಾಳ್ಮೆ, ಹೇಳಿಕೊಡುವವರು ಒಬ್ಬರು. ಗೇಜ್ ಅಂಗಡಿಯಲ್ಲಿ ಸಿಗುತ್ತದೆ. ತಾಳ್ಮೆ ರೂಢಿಯಿಂದ ಬರುತ್ತದೆ. ಹೇಳಿಕೊಡುವವರ ಬಳಿ ಮಾತ್ರ ಅವರಿರುವಾಗಲೇ ಮಕ್ಕಳನ್ನು ಕರೆದೊಯ್ಯಬೇಕು.