ಕಾಲೇಜು ಟೀಮಿಗೆ ಹೊರಟ ನಮ್ಮ ಕೇರಿ ಮಕ್ಕಳಿಗೆ



ಪಿಯುಸಿ ರಿಸಲ್ಟ್ ಬಂದಾಯ್ತು, ಡಿಗ್ರಿ ಅಡ್ಮಿಷನ್ ಶುರುವಾಗಿದೆ. ಈ ಸಲ ನಮ್ಮ ಸ್ಲಂ ಬೋರ್ಡ್ ಕ್ವಾರ್ಟರ್ಸಿನಿಂದ ಫುಟ್ಬಾಲ್ ಆಡೋ 5 ಮಕ್ಕಳು ಕಾಲೇಜಿಗೆ ಹೋಗ್ತಿದ್ದಾರೆ. 4 ಹುಡುಗರು, ಒಬ್ಬಳು ಹುಡುಗಿ. ಐದೂ ಮನೆಗಳಲ್ಲಿ ಇವರೇ ಮೊದಲು ಡಿಗ್ರಿ ಮೆಟ್ಟಿಲು ಹತ್ತುತ್ತಿರೋದು. ಮೂವರ ಅಮ್ಮಂದಿರು ಪೌರಕಾರ್ಮಿಕರು. ಮಕ್ಕಳು ಪ್ರಾಕ್ಟೀಸಿಗೆ ಏಳೋ ಹೊತ್ತಿಗೆ ಅವರು ಪೊರಕೆ ಹಿಡಿದು ಮನೆ ಬಿಟ್ಟಿರ್ತಾರೆ.

ನಾನು ಕೋಚ್ ಅಲ್ಲ, ಗುಮಾಸ್ತ. ಆಟ ಕಲಿಸೋಕೆ ನಮ್ಮಲ್ಲಿ ಹಿಂದೆ ಡಿವಿಷನ್ ಲೀಗ್ ಆಡಿದ ಅಣ್ಣ ಒಬ್ಬರಿದ್ದಾರೆ. ಅರ್ಜಿ, ಜೆರಾಕ್ಸ್, ಸಹಿ, ಸೀಲು ನನ್ನ ಪಾಲು. ಕೆಲವು ವರ್ಷದಿಂದ ಇದನ್ನು ಮಾಡ್ತಾ ಮಾಡ್ತಾ ನನಗೆ ಒಂದು ವಿಷಯ ಖಾತ್ರಿಯಾಗಿದೆ. ನಮ್ಮ ಮಕ್ಕಳು ಮೊದಲ ವರ್ಷ ಸೋಲೋದು ಬಹುಪಾಲು ಮೈದಾನದ ಹೊರಗೆ. ಅದಕ್ಕೇ ಇದನ್ನು ಬರೀತಿದ್ದೀನಿ, ಬೇರೆ ಕೇರಿಗಳಲ್ಲೂ ಉಪಯೋಗಕ್ಕೆ ಬರಲಿ ಅಂತ.

ಪ್ರತಿಭೆಯ ಮಾತು ಬಿಡಿ. ಹಲಸೂರಿನ ಗೌತಮಪುರಕ್ಕೆ ಹೋಗಿ ನೋಡಿ, ಅಲ್ಲಿ ಪೆಲೆಗೂ ಪ್ರತಿಮೆ ಇದೆ, ಬಾಬಾಸಾಹೇಬರಿಗೂ ಇದೆ. 1948ರ ಲಂಡನ್ ಒಲಿಂಪಿಕ್ಸಿನಲ್ಲಿ ಫ್ರಾನ್ಸ್ ವಿರುದ್ಧ ಭಾರತದ ಒಂದೇ ಗೋಲು ಹೊಡೆದ ಸಾರಂಗಪಾಣಿ ರಾಮನ್ ಇದೇ ಬೆಂಗಳೂರಿನವರು. ಆವತ್ತು ನಮ್ಮ ಟೀಮಿನ ಬಹಳ ಜನ ಬರಿಗಾಲಲ್ಲೇ ಆಡಿದ್ದರು. 2023ರಲ್ಲಿ ಕರ್ನಾಟಕ 54 ವರ್ಷಗಳ ಮೇಲೆ ಸಂತೋಷ್ ಟ್ರೋಫಿ ಗೆದ್ದಿತು. ಈ ಊರಿನ ಗಲ್ಲಿಗಳಲ್ಲಿ ಆಟಕ್ಕೆ ಬರ ಇಲ್ಲ.

ಆದ್ರೂ ಏನಾಗುತ್ತೆ? ಮೂರು ವರ್ಷದ ಹಿಂದೆ ನಮ್ಮ ಬೀದಿಯ ಹುಡುಗನೊಬ್ಬನಿಗೆ ಸ್ಪೋರ್ಟ್ಸ್ ಕೋಟಾದಲ್ಲಿ ಸೀಟು ಸಿಕ್ತು. ಎಡಗಾಲಿನ ಆಟಗಾರ, ಚೆಂಡು ಅವನ ಕಾಲಿಗೆ ಅಂಟಿಕೊಂಡಂಗೆ ಇರ್ತಿತ್ತು. ಜೂನಿಯರ್ ಅಂತ ಬೆಂಚ್ ಮೇಲೆ ಕೂರಿಸಿದ್ರು. ಪಾದದ ಕೀಲು ಉಳುಕಿತು, ತೋರಿಸೋಕೆ ಯಾರೂ ಕರ್ಕೊಂಡು ಹೋಗಲಿಲ್ಲ. ಆಧಾರ್ ಬ್ಯಾಂಕಿಗೆ ಲಿಂಕ್ ಆಗದೆ ಸ್ಕಾಲರ್‌ಶಿಪ್ ನಿಂತುಹೋಯ್ತು. ಮ್ಯಾಚಿಗೆ ಹೋದ ದಿನಗಳ ಲೆಕ್ಕ ಆಫೀಸಿಗೆ ತಲುಪದೆ ಅಟೆಂಡೆನ್ಸ್ ಶಾರ್ಟೇಜ್ ಬಂತು. ಇದರ ಮೇಲೆ ಸೀನಿಯರ್ ಒಬ್ಬ ಎಲ್ಲರೆದುರು, 'ನೀನು ಯಾವ ಕೋಟಾ? ಸ್ಪೋರ್ಟ್ಸಾ, ಇನ್ನೊಂದಾ?' ಅಂದ. ಸುತ್ತ ಇದ್ದವರೆಲ್ಲ ನಕ್ಕರು. ಡಿಸೆಂಬರ್ ಹೊತ್ತಿಗೆ ಆ ಹುಡುಗ ಊಟ ಡೆಲಿವರಿ ಮಾಡ್ತಾ ಬೈಕ್ ಓಡಿಸ್ತಿದ್ದ. 'ಯಾಕೋ ಬಿಟ್ಟೆ?' ಅಂದ್ರೆ, 'ಅಲ್ಲಿ ನಮ್ಮೋರು ಯಾರೂ ಇರಲಿಲ್ಲ ಅಣ್ಣ' ಅಂದ.

ಇದರಲ್ಲಿ ಒಂದೊಂದೂ ಸಣ್ಣ ವಿಷಯ. ಮನೇಲಿ ಡಿಗ್ರಿ ಓದಿದ ಅಕ್ಕನೋ ಮಾವನೋ ಇದ್ದಿದ್ರೆ ಒಂದು ಫೋನಿನಲ್ಲಿ ಮುಗೀತಿತ್ತು. ಆ ಅಕ್ಕನ ಕೆಲಸವನ್ನು ಈಗ ನಾವು ಮಾಡಬೇಕು. ಕಾಲೇಜು ತೆರೆಯೋಕೆ ಮುಂಚಿನ 6 ವಾರದಲ್ಲಿ ನಾವು ಏನೇನು ಮಾಡ್ತೀವಿ ಹೇಳ್ತೀನಿ.

ಮೊದಲು ಮೈ. ನಮ್ಮ ಮಕ್ಕಳು ಆಡೋದು ಸಣ್ಣ ಮಣ್ಣಿನ ಗ್ರೌಂಡಿನಲ್ಲಿ, 7 ಜನರ ಟೀಮು, 20 ನಿಮಿಷದ ಹಾಫ್. ದೊಡ್ಡ ಮೈದಾನ ಅಂದ್ರೆ 105 ಮೀಟರ್ ಉದ್ದ, 68 ಮೀಟರ್ ಅಗಲ, ಆಟ 90 ನಿಮಿಷ. ಅಭ್ಯಾಸ ಇಲ್ಲದೋರಿಗೆ ಒಂದು ಗಂಟೆ ಹೊತ್ತಿಗೆ ಮೀನಖಂಡ ಹಿಡ್ಕೊಳ್ಳುತ್ತೆ. ಅದಕ್ಕೆ ಮೊದಲ 2 ವಾರ ವಾರಕ್ಕೆ 3 ದಿನ ನಿಧಾನದ ಓಟ. ಆಮೇಲಿನ 2 ವಾರ ಜೋರು ಓಟ, ನಡಿಗೆ, ಮತ್ತೆ ಜೋರು ಓಟ. 5ನೇ ವಾರ ದೊಡ್ಡ ಗ್ರೌಂಡಿನಲ್ಲಿ ಪೂರ್ತಿ ಮ್ಯಾಚು. ಕೊನೇ ವಾರ ಕಡಿಮೆ ಮಾಡಬೇಕು. ಟ್ರಯಲ್ಸ್ ಹತ್ರ ಬಂತು ಅಂತ ಕೊನೇ ವಾರದಲ್ಲೇ ದೇಹ ದಂಡಿಸಿ ಕಾಲು ಮುರ್ಕೊಂಡೋರನ್ನ ನೋಡಿದ್ದೀನಿ.

ಆಟಕ್ಕೆ ಮುಂಚೆ 'ಫಿಫಾ 11+' ಅನ್ನೋ ವಾರ್ಮ್ ಅಪ್ ಮಾಡಿಸ್ತೀವಿ. 20 ನಿಮಿಷದ್ದು, ಒಂದು ರೂಪಾಯಿ ಸಾಮಾನು ಬೇಡ. ಅದರಲ್ಲಿ ಒಂದು ಹೀಗಿದೆ: ಒಬ್ಬ ಮಂಡಿಯೂರಿ ಕೂರಬೇಕು, ಇನ್ನೊಬ್ಬ ಹಿಂದಿನಿಂದ ಅವನ ಕಾಲನ್ನು ಹಿಮ್ಮಡಿ ಹತ್ರ ನೆಲಕ್ಕೆ ಒತ್ತಿ ಹಿಡೀಬೇಕು. ಕೂತವನು ಸೊಂಟ ಬಗ್ಗಿಸದೆ ನಿಧಾನವಾಗಿ ಮುಂದಕ್ಕೆ ವಾಲಬೇಕು. ತೊಡೆಯ ಹಿಂಭಾಗ ಗಟ್ಟಿಯಾಗುತ್ತೆ, ಓಡುವಾಗ ಎಳೆದುಕೊಳ್ಳೋದು ಕಡಿಮೆಯಾಗುತ್ತೆ.

ಸ್ಟಡ್ಸ್ ವಿಷಯ. ಟ್ರಯಲ್ಸ್ ದಿನ ಹೊಸ ಶೂ ಹಾಕ್ಕೊಂಡು ಹೋಗೋದು ಬೇಡ. ಅರ್ಧ ಗಂಟೇಲಿ ಬೊಬ್ಬೆ ಬರುತ್ತೆ. 3 ವಾರ ಮುಂಚೆನೇ ಹಾಕ್ಕೊಂಡು ಪಳಗಿಸಿ. ಕೆಲವು ಮಕ್ಕಳು ಒಂದೇ ಜೊತೆ ಶೂವನ್ನು ಇಬ್ಬರು ಹಂಚ್ಕೊಂಡು ಆಡ್ತಾರೆ, ದೊಡ್ಡದಾದ್ರೆ ಮುಂದಕ್ಕೆ ಬಟ್ಟೆ ತುರುಕ್ತಾರೆ. ಇದು ನಿಲ್ಲಬೇಕು.

ಊಟ. ಅಮ್ಮ ಬೆಳಗ್ಗೆ ಬೇಗ ಹೋಗೋ ಮನೇಲಿ ಮಗು ಖಾಲಿ ಹೊಟ್ಟೇಲಿ ಓಡುತ್ತೆ. ರಾತ್ರಿನೇ ಒಂದು ಬಾಳೆಹಣ್ಣು, ನೆನೆಸಿದ ಕಡಲೆಕಾಯಿ ಎತ್ತಿಟ್ಟರೆ ಸಾಕು. ಮುದ್ದೆ, ಮೊಟ್ಟೆ, ಸೊಪ್ಪು, ಬಾಡು, ನಮ್ಮ ಅಡುಗೆ ಮನೆಯ ಈ ಊಟಕ್ಕಿಂತ ಒಳ್ಳೇದು ಯಾವ ಪೌಡರ್ ಡಬ್ಬದಲ್ಲೂ ಇಲ್ಲ. ನೀನು ಏನು ತಿಂತೀಯ ಅಂತ ಟೀಮಿನಲ್ಲಿ ಯಾರಾದ್ರೂ ಮೂಗು ಮುರಿದ್ರೆ ತಲೆ ತಗ್ಗಿಸಬೇಡಿ ಮಕ್ಕಳೇ. ಹಾಸ್ಟೆಲ್ಲಿನಲ್ಲಿದ್ರೆ ಮೊದಲ ವಾರವೇ ವಾರ್ಡನ್ ಹತ್ರ ಹೋಗಿ, ಪ್ರಾಕ್ಟೀಸ್ ಮುಗಿಸಿ ಬರೋದು ತಡ ಆಗುತ್ತೆ, ಊಟ ಎತ್ತಿಡಿ ಅಂತ ಬರೆದು ಕೊಡಿ. ಬಾಯಲ್ಲಿ ಹೇಳಿದ್ದು ಮರೆತುಹೋಗುತ್ತೆ.

ಎರಡನೇದು ಆಟ. ಗಲ್ಲಿ ಆಟದಲ್ಲಿ ಆಫ್‌ಸೈಡ್ ಇಲ್ಲ. ನಮ್ಮ ಹುಡುಗರು ಗೋಲ್ ಹತ್ರ ಹೋಗಿ ನಿಂತುಬಿಡ್ತಾರೆ. ಕಾಲೇಜ್ ಟ್ರಯಲ್ಸಿನಲ್ಲಿ ಎರಡು ಸಲ ಧ್ವಜ ಎತ್ತಿದ್ರೆ 'ಇವನಿಗೆ ರೂಲ್ಸೇ ಗೊತ್ತಿಲ್ಲ' ಅಂತ ಬರೆದುಬಿಡ್ತಾರೆ. ಅಲ್ಲಿ ಎದುರು ನಿಲ್ಲೋ ಸೀನಿಯರಿಗೆ 21-22 ವರ್ಷ, ನಮ್ಮ ಹುಡುಗನಿಗೆ 18. ತೂಕದಲ್ಲಿ ಅವನನ್ನ ತಳ್ಳೋಕೆ ಆಗಲ್ಲ. ಚೆಂಡು ಬರೋಕೆ ಮುಂಚೆನೇ ಸುತ್ತ ನೋಡ್ಕೊಂಡು, ಒಂದೆರಡು ಟಚ್ಚಿನಲ್ಲಿ ಪಾಸ್ ಮಾಡೋದು ಕಲೀಬೇಕು.

ಮೂರನೇದು ಕಾಗದ. ಇಲ್ಲಿ ನನ್ನ ಮಾತು ಸ್ವಲ್ಪ ಜಾಸ್ತಿ, ಕ್ಷಮೆ ಇರಲಿ. ಆಧಾರ್, ಎಸ್ಸೆಸ್ಸೆಲ್ಸಿ ಮಾರ್ಕ್ಸ್ ಕಾರ್ಡ್, ಜಾತಿ ಪ್ರಮಾಣಪತ್ರ, ಮೂರರಲ್ಲೂ ಹೆಸರು ಅಕ್ಷರಕ್ಕೆ ಅಕ್ಷರ ಒಂದೇ ಇದೆಯಾ ಈಗಲೇ ನೋಡಿ. ಜಾತಿ, ಆದಾಯ ಪ್ರಮಾಣಪತ್ರದ ಆರ್‌ಡಿ ನಂಬರ್ ಒಂದು ಪುಸ್ತಕದಲ್ಲಿ ಬರೆದಿಡಿ, ಎಸ್‌ಎಸ್‌ಪಿ ಪೋರ್ಟಲ್ಲಿನಲ್ಲಿ ಅದೇ ಕೇಳೋದು. ಅಕೌಂಟ್ ಇದ್ದರೆ ಸಾಲದು, ಅದಕ್ಕೆ ಆಧಾರ್ ಸೀಡಿಂಗ್ ಆಗಿದೆಯಾ ಅಂತ ಬ್ಯಾಂಕಿಗೇ ಹೋಗಿ ಕೇಳಿ. ಹಾಸ್ಟೆಲ್ ಅರ್ಜಿ ಬೇರೆ, ಸ್ಕಾಲರ್‌ಶಿಪ್ ಅರ್ಜಿ ಬೇರೆ. ಜಿಲ್ಲಾ ಮಟ್ಟ, ರಾಜ್ಯ ಮಟ್ಟದಲ್ಲಿ ಆಡಿದ ಸರ್ಟಿಫಿಕೇಟಿಗೆ ಲ್ಯಾಮಿನೇಷನ್ ಬೇಡ, ಪ್ಲಾಸ್ಟಿಕ್ ಕವರಿನಲ್ಲಿ ಹಾಕಿ, 5 ಸೆಟ್ ಜೆರಾಕ್ಸ್ ಇಟ್ಕೊಳ್ಳಿ.

ಅಟೆಂಡೆನ್ಸ್ 75% ಬೇಕೇ ಬೇಕು. ಇಂಟರ್ ಕಾಲೇಜ್ ಮ್ಯಾಚಿಗೆ ಹೋದ್ರೆ ಅದೇ ವಾರ ಫಿಸಿಕಲ್ ಡೈರೆಕ್ಟರ್ ಸರ್ ಹತ್ರ ಓ.ಡಿ. ಲೆಟರ್ ಬರೆಸಿ, ಆಫೀಸಿಗೆ ಕೊಟ್ಟು, ಇನ್ನೊಂದು ಕಾಪಿ ಮೇಲೆ ಸೀಲು ಹಾಕಿಸ್ಕೊಳ್ಳಿ. ನಾನು ದಿನಾ ಆಫೀಸಿನಲ್ಲಿ ಕೂರೋನು, ನನ್ನ ಮಾತು ನಂಬಿ. ಸೀಲಿಲ್ಲದ ಕಾಗದ ಕಳೆದುಹೋದ್ರೆ ಯಾರೂ ಹೊಣೆ ಹೊರಲ್ಲ. ಕಾಲೇಜಿಗೆ ಕಪ್ ಗೆದ್ದುಕೊಟ್ಟು ತಾನು ಸಬ್ಜೆಕ್ಟ್ ಉಳಿಸ್ಕೊಂಡು ಕೂತ ಹುಡುಗರು ಎಷ್ಟು ಜನ ಬೇಕು? ಕಪ್ಪು ಪ್ರಿನ್ಸಿಪಾಲರ ರೂಮಿನಲ್ಲಿರುತ್ತೆ. ಡಿಗ್ರಿ ನಿಮ್ಮ ಮನೆಗೆ ಬರಬೇಕು.

ನಾಲ್ಕನೇದು ಅವಮಾನ. ಇದನ್ನ ಮುಚ್ಚಿಟ್ಟು ಮಕ್ಕಳನ್ನ ಕಳಿಸೋದು ತಪ್ಪು. ನಾನು ಅವರಿಗೆ ಪಲ್ವಂಕರ್ ಬಾಲೂ ಕಥೆ ಹೇಳ್ತೀನಿ. 1876ರಲ್ಲಿ ನಮ್ಮ ಧಾರವಾಡದಲ್ಲಿ ಹುಟ್ಟಿದ ಚಮ್ಮಾರ ಸಮುದಾಯದ ಮಗ, ಎಡಗೈ ಸ್ಪಿನ್ ಬೌಲರ್. ಪುಣೆಯಲ್ಲಿ ಜೊತೆ ಆಟಗಾರರು ಪೆವಿಲಿಯನ್ ಒಳಗೆ ಟೀ ಕುಡೀತಿದ್ರೆ, ಇವರಿಗೆ ಹೊರಗೆ, ಮಣ್ಣಿನ ಲೋಟದಲ್ಲಿ. 1911ರ ಇಂಗ್ಲೆಂಡ್ ಪ್ರವಾಸದಲ್ಲಿ 100ಕ್ಕೂ ಹೆಚ್ಚು ವಿಕೆಟ್ ತೆಗೆದ್ರೂ ಹಿಂದೂ ಟೀಮಿನ ಕ್ಯಾಪ್ಟನ್ ಮಾಡಲಿಲ್ಲ. 1920ರಲ್ಲಿ ತಮ್ಮಂದಿರು ಪ್ರತಿಭಟಿಸಿ ಟೀಮಿನಿಂದಲೇ ಹೊರಗೆ ಬಂದರು. 1923ರಲ್ಲಿ ತಮ್ಮ ವಿಠ್ಠಲ್ ಅದೇ ಟೀಮಿಗೆ ಕ್ಯಾಪ್ಟನ್ ಆದ್ರು. ಬರೀ ವಿಕೆಟ್ ತೆಗೆದಿದ್ದರಿಂದ ಅದು ಸಿಗಲಿಲ್ಲ, ಒಟ್ಟಿಗೆ ನಿಂತು ಕೇಳಿದ್ದರಿಂದಲೂ ಸಿಕ್ತು.

ಹಾಗಂತ ಬೆಂಚ್ ಮೇಲೆ ಕೂರಿಸಿದಾಗಲೆಲ್ಲ ಜಾತಿ ಕಾರಣ ಅಂದ್ಕೋಬೇಡಿ. ಮೊದಲ ವರ್ಷ ಬಹಳ ಜನ ಕೂರ್ತಾರೆ. ಸರ್ ಒಬ್ಬರೇ ಇದ್ದಾಗ ಹೋಗಿ, 'ಸರ್, ನಾನು ಏನು ಸುಧಾರಿಸ್ಕೋಬೇಕು?' ಅಂತ ಕೇಳಿ. ಎಡಗಾಲು ವೀಕು, ಸ್ಟ್ಯಾಮಿನಾ ಸಾಲದು ಅಂತ ಏನಾದ್ರೂ ಹೇಳಿದ್ರೆ ಅದರ ಮೇಲೆ ದುಡೀರಿ. ಕಾರಣ ಹೇಳದೆ ಜಾತಿ ಹಿಡಿದು ಮಾತಾಡಿದ್ರೆ ಆವತ್ತೇ ತಾರೀಖು, ಯಾರು, ಏನಂದ್ರು, ಯಾರು ಕೇಳಿಸ್ಕೊಂಡ್ರು, ಎಲ್ಲ ಬರೆದಿಡಿ. ಎಸ್‌ಸಿ/ಎಸ್‌ಟಿ ಸೆಲ್ ಯಾವ ರೂಮಿನಲ್ಲಿದೆ ಅಂತ ಮೊದಲ ವಾರವೇ ನೋಡ್ಕೊಳ್ಳಿ. ಕೈ ಎತ್ತಬೇಡಿ. ನೀವು ಕೈ ಎತ್ತಿದ್ರೆ ಅವರ ಮಾತು ಮರೆತುಹೋಗುತ್ತೆ, ನಿಮ್ಮ ಏಟು ಮಾತ್ರ ಫೈಲಿನಲ್ಲಿ ಉಳಿಯುತ್ತೆ. ನಮಗೆ ಫೋನ್ ಮಾಡಿ, ನಾವು ಬರ್ತೀವಿ.

ಇನ್ನು ನಮ್ಮ ಹುಡುಗಿ. ಗೋಲ್‌ಕೀಪರ್. ಅವರಮ್ಮ ಕೇಳಿದ್ದು ಒಂದೇ ಪ್ರಶ್ನೆ, 'ಸಂಜೆ ಎಷ್ಟೊತ್ತಿಗೆ ಮನೆಗೆ ಬರ್ತಾಳೆ?' ನ್ಯಾಯವಾದ ಪ್ರಶ್ನೆ. ಕಾಲೇಜು ಹುಡುಕುವಾಗ ನಾವು ಮೂರು ವಿಷಯ ನೋಡಿದ್ವಿ: ಹುಡುಗಿಯರ ಟೀಮ್ ನಿಜವಾಗ್ಲೂ ಇದೆಯಾ, ಬರೀ ರಿಜಿಸ್ಟರಿನಲ್ಲಿದೆಯಾ, ಬಟ್ಟೆ ಬದಲಿಸೋಕೆ ಚಿಲಕ ಇರೋ ರೂಮ್ ಇದೆಯಾ, ಗ್ರೌಂಡಿನಿಂದ ಬಸ್ ಸ್ಟಾಪಿಗೆ ಲೈಟ್ ಇದೆಯಾ. ಶಕ್ತಿ ಯೋಜನೆಯಿಂದ ಬಸ್ ಚಾರ್ಜಿನ ಚಿಂತೆ ಇಲ್ಲ, ನಾಲ್ಕು ಕಾಲೇಜಿನ ಟ್ರಯಲ್ಸಿಗೆ ಹೋಗಿ ಬಂದ್ಲು. ಸರ್ಕಾರಿ ಆಸ್ಪತ್ರೆಯಲ್ಲಿ ರಕ್ತ ಪರೀಕ್ಷೆ ಮಾಡಿಸಿದ್ವಿ. ಹಿಮೋಗ್ಲೋಬಿನ್ 12ಕ್ಕಿಂತ ಕಡಿಮೆ ಬಂತು, ಡಾಕ್ಟ್ರು ಕಬ್ಬಿಣಾಂಶದ ಮಾತ್ರೆ ಕೊಟ್ಟಿದ್ದಾರೆ. ಇಷ್ಟು ದಿನ ಅವಳು ಬೇಗ ಸುಸ್ತಾಗ್ತಿದ್ದಾಗ ಎಲ್ಲರೂ 'ಸೋಂಬೇರಿ' ಅಂತಿದ್ರು! ಮೊಣಕಾಲಿನ ಎಸಿಎಲ್ ಗಾಯ ಹುಡುಗಿಯರಿಗೆ ಹೆಚ್ಚು, ಅದಕ್ಕೆ ಹಾರಿ ಇಳಿಯುವಾಗ ಮಂಡಿ ಒಳಕ್ಕೆ ವಾಲದ ಹಾಗೆ ದಿನಾ ಅಭ್ಯಾಸ ಮಾಡಿಸ್ತಿದ್ದೀವಿ.

ಈಗ ನಿಮ್ಮಲ್ಲಿ ಕೇಳೋದು. ಇಬ್ಬರಿಗೆ ಸ್ಟಡ್ಸ್ ಬೇಕು, 8 ಮತ್ತು 9ನೇ ಸೈಜು. ಗೋಲ್‌ಕೀಪರ್ ಗ್ಲೌಸ್ ಒಂದು ಜೊತೆ. ಹಳೇದಾದ್ರೂ ಪರವಾಗಿಲ್ಲ, ಸೋಲ್ ಕಿತ್ತಿರಬಾರದು ಅಷ್ಟೇ. ದುಡ್ಡು ಕಳಿಸಬೇಡಿ, ಸಾಮಾನು ಕೊಡಿ.

ಅದಕ್ಕಿಂತ ಮುಖ್ಯವಾದದ್ದು ಇನ್ನೊಂದಿದೆ. ನಿಮ್ಮಲ್ಲಿ ಕಾಲೇಜಿನಲ್ಲಿ ಆಡಿದೋರು, ಈಗ ಕಾಲೇಜುಗಳಲ್ಲಿ ಲೆಕ್ಚರರ್, ಲೈಬ್ರೇರಿಯನ್, ಗುಮಾಸ್ತ, ಅಟೆಂಡರ್ ಆಗಿರೋ ನಮ್ಮೋರು ಇದ್ದೀರಿ. ಈ ವರ್ಷ ಒಂದೊಂದು ಮಗುವಿನ ಫೋನ್ ನಂಬರ್ ಇಟ್ಕೊಳ್ಳಿ. 15 ದಿನಕ್ಕೊಂದು ಸಲ, 'ಊಟ ಆಯ್ತಾ, ಕ್ಲಾಸಿಗೆ ಹೋದ್ಯಾ, ಕಾಲು ಹೆಂಗಿದೆ?' ಅಂತ ಕೇಳಿ. ಆಟ ಅವರು ಆಡ್ಕೋತಾರೆ. ಇನ್‌ಬಾಕ್ಸಿಗೆ ಬನ್ನಿ, ಯಾವ ಏರಿಯಾದವರು ಅಂತ ತಿಳಿಸಿ, ಹತ್ತಿರದ ಮಗುವನ್ನ ನಿಮಗೆ ಪರಿಚಯ ಮಾಡಿಸ್ತೀನಿ.

ಜೈಭೀಮ್.