ನಡುಕದ ಕಾರಣ

ಕಣ್ಣಿಗೆ ಕಾಣುವ ದೋಷ ಒಂದಾದರೆ ಅದರ ಕಾರಣ ಇನ್ನೊಂದಾಗಿರುವುದುಂಟು. ಇವೆರಡರ ನಡುವಿನ ದಾರಿಯನ್ನು ತಾಳ್ಮೆಯಿಂದ ನಡೆಯದವನು ತನಗೆ ನಷ್ಟ ತಂದುಕೊಳ್ಳುವುದಷ್ಟೇ ಅಲ್ಲ, ನಿರಪರಾಧಿಯಾದ ಮತ್ತೊಬ್ಬನಿಗೆ ಅನ್ಯಾಯವನ್ನೂ ಮಾಡುತ್ತಾನೆ. ಮಡಿಕೇರಿಯ ನಿವೃತ್ತ ಉಪಾಧ್ಯಾಯರೊಬ್ಬರಿಗೆ ಈ ಪಾಠವನ್ನು ಕಲಿಸಿದ್ದು ಅವರ ಹಳೆಯ ಪೆಟ್ರೋಲ್ ಕಾರು.

ಈಚಿನ ಒಂದು ಆಷಾಢದಲ್ಲಿ ಅವರು ಸುಳ್ಯದ ತಂಗಿಯ ಮನೆಯಿಂದ ಪತ್ನಿಯೊಡನೆ ಹಿಂದಿರುಗುತ್ತಿದ್ದರು. ಸಂಪಾಜೆಯಿಂದ ಸುಮಾರು 1,150 ಮೀಟರ್ ಎತ್ತರದ ಮಡಿಕೇರಿಗೆ ಏರುವ ಘಾಟಿ ರಸ್ತೆಯದು. 2018ರ ಆಗಸ್ಟ್ ತಿಂಗಳಲ್ಲಿ ಗುಡ್ಡಗಳು ಕುಸಿದು ಸಂಚಾರವೇ ನಿಂತುಹೋದ ದಾರಿ. ಮಳೆಗಾಲದಲ್ಲಿ ಅಲ್ಲಿ ವಾಹನ ಕೈಕೊಟ್ಟರೆ ಎದೆ ಝಲ್ಲೆನ್ನುತ್ತದೆ. ಜೋಡುಪಾಲ ಕಳೆದು ಏರಿನಲ್ಲಿ ಆಕ್ಸಿಲರೇಟರ್ ಒತ್ತಿದೊಡನೆ ಕಾರು ಚಳಿಜ್ವರ ಬಂದಂತೆ ನಡುಗತೊಡಗಿತು. ಎಂಜಿನ್ ದೀಪ ಮಿನುಗಿತು. ಕಾಲು ಸಡಿಲಿಸಿದರೆ ನಡುಕ ಅಡಗುವುದು. ಒತ್ತಿದರೆ ಮರಳಿ ಬರುವುದು. ಹಿಂದೆ ಲಾರಿಗಳು, ಪಕ್ಕದಲ್ಲಿ ಕಣಿವೆ. ಹೇಗೋ ಮನೆ ಸೇರಿದರು.

ಅಂದು ಬೆಳಿಗ್ಗೆ ಘಾಟಿಯ ಕೆಳಗಿನ ಬಂಕೊಂದರಲ್ಲಿ ಅವರು ಪೆಟ್ರೋಲ್ ಹಾಕಿಸಿದ್ದರು. ಅಷ್ಟೇ ಸಾಕಾಯಿತು. 'ಪೆಟ್ರೋಲಿಗೆ ನೀರು ಬೆರೆಸಿದ್ದಾನೆ' ಎಂದು ಮನಸ್ಸು ತೀರ್ಪು ಕೊಟ್ಟಿತು. ತೀರ್ಪು ಮನಸ್ಸಿನೊಳಗೇ ಉಳಿದಿದ್ದರೆ ಚಿಂತೆಯಿರಲಿಲ್ಲ. ಅದನ್ನು ಅವರು ನೆರೆಯವರಿಬ್ಬರಿಗೆ ಹೇಳಿದರು, ಚಹಾದ ಅಂಗಡಿಯಲ್ಲಿ ಹೇಳಿದರು. ಮೂವತ್ತು ವರ್ಷ ಪಾಠ ಹೇಳಿದವರ ಮಾತನ್ನು ಊರಿನವರು ಸಂಶಯಿಸಲಿಲ್ಲ. ನಾಲ್ಕೇ ದಿನಗಳಲ್ಲಿ ಕಾಫಿ ತೋಟದ ಮಾಲೀಕರೊಬ್ಬರು ತಮ್ಮ ವಾಹನಗಳನ್ನು ಆ ಬಂಕಿಗೆ ಕಳುಹಿಸುವುದನ್ನು ನಿಲ್ಲಿಸಿದರು.

ಬಳಿಕ ಉಪಾಧ್ಯಾಯರು ವಯಸ್ಸಾದ ಮೆಕ್ಯಾನಿಕ್ ಒಬ್ಬರ ಬಳಿಗೆ ಹೋಗಿ, ಟ್ಯಾಂಕ್ ತೊಳೆದುಕೊಡಬೇಕೆಂದು ಹೇಳಿದರು.

"ತೊಳೆಯೋಣ ಮೇಷ್ಟ್ರೇ. ಮೊದಲು ಆಗಿರುವುದೇನು ಅಂತ ನೋಡೋಣ" ಎಂದರು ಮೆಕ್ಯಾನಿಕ್.

ಅವರು ಸ್ಪ್ಯಾನರ್ ಮುಟ್ಟುವ ಮುನ್ನ ಪ್ರಶ್ನೆಗಳನ್ನು ಕೇಳಿದರು. ನಿಂತಲ್ಲಿಂದ ಹೊರಡುವಾಗ ಮಾತ್ರ ನಡುಗುತ್ತದೆಯೇ? ಹಾಗಿದ್ದರೆ ಕ್ಲಚ್ಚನ್ನು ಶಂಕಿಸಬೇಕು. ಬ್ರೇಕ್ ಒತ್ತಿದಾಗಲೇ? ಆಗ ಡಿಸ್ಕನ್ನು ನೋಡಬೇಕು. ಸಮತಟ್ಟು ರಸ್ತೆಯ ವೇಗದಲ್ಲಿ ಸ್ಟೀರಿಂಗ್ ಅದುರುತ್ತದೆಯೇ? ಅದು ಚಕ್ರಗಳ ಬ್ಯಾಲೆನ್ಸ್ ತಪ್ಪಿದ ಗುರುತು. ಎಂಜಿನ್ ಸರಿಯಾಗಿಯೇ ಓಡುತ್ತಿದ್ದು, ವೇಗ ಹೆಚ್ಚಿಸುವಾಗ ಗಾಡಿ ಮಾತ್ರ ಅತ್ತಿತ್ತ ಜಗ್ಗಿದರೆ ಚಕ್ರಕ್ಕೆ ಶಕ್ತಿ ಒಯ್ಯುವ ಡ್ರೈವ್ ಶಾಫ್ಟಿನ ಒಳಕೀಲು ಸವೆದಿರಬಹುದು. ಹೊರಗೆ ಒಂದೇ ಬಗೆಯಾಗಿ ತೋರುವ ನಡುಕಕ್ಕೆ ಇಷ್ಟೊಂದು ತವರುಗಳು.

ಭಾರ ಬಿದ್ದಾಗ ಮಾತ್ರ ನಡುಕ, ಜೊತೆಗೆ ಮಿನುಗುವ ದೀಪ: ಇದು ಸಿಲಿಂಡರಿನಲ್ಲಿ ಇಂಧನ ಸರಿಯಾಗಿ ಉರಿಯದಿರುವ ಲಕ್ಷಣ. ಹಾಗೆಯೇ ಓಡಿಸುತ್ತಿದ್ದರೆ ಉರಿಯದ ಪೆಟ್ರೋಲ್ ಹೊಗೆಯ ಕೊಳವೆಗೆ ಹೋಗಿ ಅಲ್ಲಿನ ಕ್ಯಾಟಲಿಟಿಕ್ ಕನ್ವರ್ಟರ್ ಅತಿಯಾಗಿ ಕಾದು ಹಾಳಾಗುತ್ತದೆ. ಮೆಕ್ಯಾನಿಕ್ ಸ್ಕ್ಯಾನರ್ ಜೋಡಿಸಿದಾಗ ಪಿ 0302 ಎಂಬ ಸಂಕೇತ ಬಂತು. ಎರಡನೆಯ ಸಿಲಿಂಡರ್ ತಪ್ಪುತ್ತಿದೆಯೆಂದು ಅದರ ಅರ್ಥ. ಎಲ್ಲಿ ಎಂಬುದನ್ನು ಆ ಸಂಕೇತ ಹೇಳಿತೇ ಹೊರತು ಏಕೆ ಎಂಬುದನ್ನು ಹೇಳಲಿಲ್ಲ.

"ಪೆಟ್ರೋಲ್ ಕೆಟ್ಟಿದ್ದರೆ ನಾಲ್ಕಕ್ಕೂ ತೊಂದರೆ ಆಗಬೇಕಲ್ಲ ಮೇಷ್ಟ್ರೇ, ಒಂದಕ್ಕೇ ಯಾಕೆ?" ಎಂದು ಕೇಳಿದರು. ಆದರೂ ಗಾಜಿನ ಬಾಟಲಿಗೆ ಸ್ವಲ್ಪ ಪೆಟ್ರೋಲ್ ತೆಗೆದು ಕದಲಿಸದೆ ಇಟ್ಟರು. ನೀರು ಹೆಚ್ಚು ಸೇರಿದ್ದರೆ ಅದು, ಇಂದಿನ ಪೆಟ್ರೋಲಿನಲ್ಲಿರುವ ಎಥೆನಾಲನ್ನೂ ಎಳೆದುಕೊಂಡು, ತಳದಲ್ಲಿ ಬೇರೆ ಪದರವಾಗಿ ನಿಲ್ಲುತ್ತದೆ. ಬಾಟಲಿಯಲ್ಲಿ ಅಂತಹ ಪದರ ಕಾಣಲಿಲ್ಲ.

ಎರಡನೆಯ ಸಿಲಿಂಡರಿನ ಇಗ್ನಿಷನ್ ಕಾಯಿಲನ್ನು ಮೂರನೆಯದಕ್ಕೆ, ಮೂರನೆಯದನ್ನು ಎರಡನೆಯದಕ್ಕೆ ಬದಲಿಸಿ ಏರಿನಲ್ಲಿ ಓಡಿಸಿದರು. ದೋಷ ಎರಡನೆಯದರಲ್ಲೇ ಉಳಿಯಿತು, ಕಾಯಿಲ್ ನಿರ್ದೋಷಿಯಾಯಿತು. ಅನಂತರ ಎರಡನೆಯದರ ಸ್ಪಾರ್ಕ್ ಪ್ಲಗ್ಗನ್ನು ನಾಲ್ಕನೆಯದಕ್ಕೆ ಹಾಕಿದರು. ಈ ಬಾರಿ ಸಂಕೇತ ಪಿ 0304 ಆಯಿತು. ಪ್ಲಗ್ಗಿನೊಡನೆ ದೋಷವೂ ಸ್ಥಳ ಬದಲಿಸಿತ್ತು.

ಪ್ಲಗ್ಗನ್ನು ಒರೆಸಿ ಬೆಳಕಿಗೆ ಹಿಡಿದಾಗ ಬಿಳಿಯ ಪಿಂಗಾಣಿಯ ಮೇಲೆ ಕೂದಲೆಳೆಯಂತಹ ಬಿರುಕು ಕಂಡಿತು. ಏರಿನಲ್ಲಿ ಸಿಲಿಂಡರಿನ ಒತ್ತಡ ಹೆಚ್ಚಿದಾಗ ಪ್ಲಗ್ಗಿನ ತುದಿಯಲ್ಲಿ ಕಿಡಿ ಹಾರಲು ಹೆಚ್ಚಿನ ವಿದ್ಯುತ್ ಒತ್ತಡ ಬೇಕು. ಆಗ ವಿದ್ಯುತ್ತು ಸುಲಭದ ದಾರಿ ಹುಡುಕಿ ಬಿರುಕಿನ ಮೂಲಕ ಸೋರಿಹೋಗುತ್ತದೆ. ಮಳೆಗಾಲದ ತೇವ ಅದಕ್ಕೆ ನೆರವಾಗುತ್ತದೆ. ಗಾಡಿ ನಿಂತಿರುವಾಗ ಶಾಂತವಾಗಿದ್ದ ಎಂಜಿನ್ ಘಾಟಿಯಲ್ಲಿ ನಡುಗಿದ್ದರ ಗುಟ್ಟು ಇದು.

"ಸ್ಪ್ಯಾನರ್ ಓರೆಯಾದರೆ ಹೀಗೆ ಬಿರುಕು ಬಿಡುತ್ತೆ. ಇದನ್ನು ಹಾಕಿದ್ದು ಯಾರು?"

ಉಪಾಧ್ಯಾಯರು ತಲೆ ತಗ್ಗಿಸಿದರು. ಕಳೆದ ಬೇಸಿಗೆಯಲ್ಲಿ, ಕೂಲಿ ಉಳಿಸಲೆಂದು, ನಾಲ್ಕು ಪ್ಲಗ್ಗುಗಳನ್ನೂ ತಾವೇ ಹಾಕಿದ್ದರು.

ಮೆಕ್ಯಾನಿಕ್ ಒಂದು ಪ್ಲಗ್ಗನ್ನು ಮಾತ್ರ ಬದಲಿಸಿದರು. ಉಳಿದ ಮೂರು ಚೆನ್ನಾಗಿದ್ದವು. ಟ್ಯಾಂಕ್ ತೊಳೆದು ನಾಲ್ಕು ಕಾಯಿಲ್‌ಗಳನ್ನು ಮಾರಿದ್ದರೂ ಕೇಳುವವರಿರಲಿಲ್ಲ. ಗಿರಾಕಿಯ ಅಜ್ಞಾನವನ್ನು ತನ್ನ ಆದಾಯವಾಗಿಸಿಕೊಳ್ಳದಿರುವುದೂ ಒಂದು ವ್ರತವೇ. ಕಾರು ಅಂದೇ ಸರಿಯಾಯಿತು.

ಆದರೆ ಊರಿನಲ್ಲಿ ಹರಡಿದ ಮಾತು ಸರಿಯಾಗಿರಲಿಲ್ಲ. ಉಪಾಧ್ಯಾಯರು ಮೊದಲು ನೆರೆಯವರ ಮನೆಗಳಿಗೆ, ಚಹಾದ ಅಂಗಡಿಗೆ, ತೋಟದ ಮಾಲೀಕರಲ್ಲಿಗೆ ಹೋಗಿ, "ತಪ್ಪು ನನ್ನದು, ಪೆಟ್ರೋಲಿನದಲ್ಲ" ಎಂದು ಹೇಳಿದರು. ಮರುದಿನ ಘಾಟಿ ಇಳಿದು ಬಂಕಿನವರ ಎದುರು ನಿಂತು ನಡೆದುದೆಲ್ಲವನ್ನೂ ತಿಳಿಸಿ ಕ್ಷಮೆ ಬೇಡಿದರು. ಆತ ಬಹಳ ಹೊತ್ತು ಸುಮ್ಮನಿದ್ದು, "ಮೊದಲು ನನ್ನನ್ನು ಕೇಳಬಹುದಿತ್ತಲ್ಲ ಮೇಷ್ಟ್ರೇ" ಎಂದಷ್ಟೇ ಹೇಳಿದರು.

ಹೌದು, ಕೇಳಬಹುದಿತ್ತು. ಮೆಕ್ಯಾನಿಕ್ ಯಂತ್ರಕ್ಕೆ ಕೇಳಿದಷ್ಟು ಪ್ರಶ್ನೆಗಳನ್ನು ಉಪಾಧ್ಯಾಯರು ಮನುಷ್ಯನಿಗೆ ಕೇಳಿರಲಿಲ್ಲ. ಬಿರುಕುಬಿಟ್ಟ ಪ್ಲಗ್ಗನ್ನು ಬಿಚ್ಚಿ ಹೊಸದನ್ನು ಹಾಕಬಹುದು. ಆಡಿದ ಮಾತಿಗೆ ಅಂತಹ ಬಿಡಿಭಾಗ ದೊರೆಯುವುದಿಲ್ಲ. ಆದ್ದರಿಂದ ದೋಷ ಕಂಡಾಗ ಬೆರಳು ಹೊರಗೆ ಚಾಚುವ ಮುನ್ನ, ಕಡೆಯದಾಗಿ ಅದನ್ನು ಮುಟ್ಟಿದ ಕೈ ಯಾರದೆಂದು ನೆನೆಯುವುದು ಒಳ್ಳೆಯದು.