ರೋಗ, ಉಪಚಾರ ಮತ್ತು ಸಲ್ಲೇಖನದ ವಿಚಾರ

ಮಲಾಶಯದ ಕ್ಯಾನ್ಸರ್ ಎಂದು ತಿಳಿದಾಗ ನಾನು ವಿಚಲಿತನಾಗಲಿಲ್ಲವೆಂದು ಬರೆದರೆ ಅಸತ್ಯವಾದೀತು. ಆದರೂ ಚಿಕಿತ್ಸೆಯ ಮೊದಲ ಹಂತದಲ್ಲಿ ಆಲೋಚನೆಗೆ ಆಸ್ಪದವಿರಲಿಲ್ಲ. ವೈದ್ಯರು ಹೇಳಿದರು, ನಾವು ಮಾಡಿದೆವು. ಉಗಾರ ಖುರ್ದದಿಂದ ಮಿರಜಕ್ಕೆ ರೈಲಿನಲ್ಲಿ ಐದು ವಾರ ಓಡಾಡಿ 25 ಸಲ ಕಿರಣ ಚಿಕಿತ್ಸೆ ಪಡೆದೆನು. ಜೊತೆಗೆ ದಿನಕ್ಕೆರಡು ಸಲ ಕೀಮೋ ಗುಳಿಗೆ. ಅದನ್ನು ಊಟವಾದ ಅರ್ಧ ತಾಸಿನೊಳಗೆ ನುಂಗಬೇಕು, ನಡುವೆ ಸುಮಾರು 12 ತಾಸಿನ ಅಂತರವಿರಬೇಕು. ರಾತ್ರಿಭೋಜನ ತ್ಯಾಗದ ನಿಯಮವುಳ್ಳ ನನಗೆ ಇದು ತೊಡಕಾಯಿತು. ವೈದ್ಯರಿಗೆ ತಿಳಿಸಿ, ಅವರ ಒಪ್ಪಿಗೆಯಿಂದಲೇ ಸಂಜೆಯದನ್ನು ಸೂರ್ಯಾಸ್ತಕ್ಕೆ ಮುಂಚೆ ಹೊಂದಿಸಿಕೊಂಡೆನು. ನಿಯಮವುಳ್ಳವರು ಸಂಕೋಚಪಟ್ಟು ತಾವಾಗಿಯೇ ಗುಳಿಗೆ ಬಿಡಬಾರದು.

ನಿಜವಾದ ಧರ್ಮಸಂಕಟ ಬಂದದ್ದು ಅನಂತರ. ಮರಳಿ ಎಂ.ಆರ್.ಐ. ಮಾಡಿಸಿದಾಗ ಗಡ್ಡೆ ಚೆನ್ನಾಗಿ ಕುಗ್ಗಿತ್ತು. ಆದರೆ ಸೊಂಟದ ಎಡಗೋಡೆಯ ರಕ್ತನಾಳದ ಬಳಿ 9 ಮಿಲಿಮೀಟರ್ ಇದ್ದ ದುಗ್ಧಗ್ರಂಥಿಯೊಂದು 6ಕ್ಕೆ ಇಳಿದು ನಿಂತಿತ್ತು. ಮಲಾಶಯವನ್ನು ಅದರ ಸುತ್ತಲಿನ ಕೊಬ್ಬಿನ ಹೊದಿಕೆಯೊಡನೆ ತೆಗೆಯುವ ರೂಢಿಯ ಶಸ್ತ್ರಕ್ರಿಯೆಯಲ್ಲಿ ಇದು ಬರುವುದಿಲ್ಲ, ಪ್ರತ್ಯೇಕವಾಗಿ ಬಿಡಿಸಬೇಕು. ಜಪಾನಿನಲ್ಲಿ ಇದು ಬಹುಕಾಲದ ಪದ್ಧತಿ. ಶಸ್ತ್ರವೈದ್ಯರು 2019ರಲ್ಲಿ ಪ್ರಕಟವಾದ, ಹಲವು ದೇಶಗಳ ರೋಗಿಗಳ ಅಧ್ಯಯನವೊಂದನ್ನು ವಿವರಿಸಿದರು. ಮೊದಲ ಚಿತ್ರದಲ್ಲಿ ಇಂಥ ಗ್ರಂಥಿ 7 ಮಿಲಿಮೀಟರ್ ಅಥವಾ ಅದಕ್ಕೂ ದೊಡ್ಡದಿದ್ದವರಲ್ಲಿ, ಕಿರಣ ಚಿಕಿತ್ಸೆ ಮತ್ತು ರೂಢಿಯ ಶಸ್ತ್ರಕ್ರಿಯೆ ಮಾತ್ರ ಆದವರಿಗೆ ಐದು ವರ್ಷದೊಳಗೆ ಅದೇ ಪಕ್ಕದಲ್ಲಿ ರೋಗ ಮರುಕಳಿಸಿದ್ದು ನೂರಕ್ಕೆ 19.5, ಗ್ರಂಥಿಗಳನ್ನೂ ತೆಗೆಸಿದವರಿಗೆ 5.7.

ಜೀವಮಾನವೆಲ್ಲ ಖಾತೆಕಿರ್ದಿ ನೋಡಿದವನು ನಾನು. ರೋಗಿಗಳನ್ನು ಚೀಟಿ ಎತ್ತಿ ಎರಡು ಪಾಲು ಮಾಡಿದ್ದರೇ ಎಂದು ಕೇಳಿದೆನು. ಇಲ್ಲ, ಹಿಂದಿನ ದಾಖಲೆಗಳಿಂದ ತೆಗೆದ ಲೆಕ್ಕ. ಆಯುಷ್ಯ ಹೆಚ್ಚುವುದೆಂದೂ ಅದರಿಂದ ಸಿದ್ಧವಾಗದು ಎಂದು ಅವರು ಪ್ರಾಮಾಣಿಕವಾಗಿ ಒಪ್ಪಿದರು. ಖರ್ಚಿನ ಪುಟವೂ ಇತ್ತು. ಮೂತ್ರವಿಸರ್ಜನೆಯ ನರಗಳು ಅಲ್ಲಿಯೇ ಹಾದುಹೋಗುತ್ತವೆ. ಅವುಗಳಿಗೆ ಪೆಟ್ಟಾದರೆ ನಳಿಕೆಯ ಆಸರೆಯಲ್ಲಿ ಇರಬೇಕಾಗಬಹುದು.

ಮನೆಗೆ ಬಂದವನೇ ಗಂಭೀರವಾಗಿ ಘೋಷಿಸಿದೆನು: ದೇಹ ನಶ್ವರ, ಇನ್ನು ಕತ್ತರಿ ಬೇಡ, ಸಲ್ಲೇಖನದ ಕಡೆಗೆ ಮನಸ್ಸು ಹರಿದಿದೆ. ಬಸದಿಯಲ್ಲಿ ಇಬ್ಬರು ಹಿರಿಯರು ತಲೆದೂಗಿದರು. ಒಳಗೊಳಗೆ ನನಗೆ ಹಿತವೆನಿಸಿತು, ಅದನ್ನೂ ಮುಚ್ಚಿಡಲಾರೆ. ಮನೆಯವಳು ಮಾತ್ರ, “ಹೆದರಿಕಿಗೆ ವೈರಾಗ್ಯ ಅಂತ ಹೆಸರಿಡಬ್ಯಾಡ್ರಿ” ಎಂದು ಒಳಗೆ ಹೋದಳು.

ಆ ರಾತ್ರಿ ರತ್ನಕರಂಡಕ ಶ್ರಾವಕಾಚಾರವನ್ನು ತೆರೆದೆನು. ಉಪಸರ್ಗ, ದುರ್ಭಿಕ್ಷ, ಮುಪ್ಪು, ರೋಗ ಇವು ಪರಿಹಾರವೇ ಇಲ್ಲದಂತೆ ಬಂದಾಗ ಮಾತ್ರ ಸಲ್ಲೇಖನವೆಂದು ಸಮಂತಭದ್ರಾಚಾರ್ಯರ ವಿಧಿ. ಅವರಿಗೇ ಭಸ್ಮಕ ರೋಗ ಬಂದು ಸಲ್ಲೇಖನ ಬೇಡಿದಾಗ ಗುರುಗಳು ಕೊಡಲಿಲ್ಲ, ಮೊದಲು ಗುಣಪಡಿಸಿಕೊಳ್ಳಲು ಹೇಳಿದರೆಂದು ಪರಂಪರೆಯ ಕಥೆಯಿದೆ. ಗುಣವಾದ ಮೇಲೆ ಅವರು ಮರಳಿ ದೀಕ್ಷೆ ಪಡೆದರು. ನಮ್ಮ ಭಾಗದ ಭೋಜ ಗ್ರಾಮದವರಾದ ಆಚಾರ್ಯ ಶ್ರೀ 108 ಶಾಂತಿಸಾಗರ ಮಹಾರಾಜರು 1955ರಲ್ಲಿ ಕುಂಥಲಗಿರಿಯಲ್ಲಿ ಸಲ್ಲೇಖನ ಕೈಗೊಂಡದ್ದು ದೃಷ್ಟಿ ಕ್ಷೀಣಿಸಿ, ನೆಲದ ಜೀವಿಗಳನ್ನು ಕಂಡು ನಡೆಯುವ ಮುನಿವ್ರತಕ್ಕೆ ಬಾಧೆ ಬಂದಾಗ. ನನಗೆ ಬಾಧೆ ಬಂದದ್ದು ಯಾವ ವ್ರತಕ್ಕೆ? ನಳಿಕೆ ಕಟ್ಟಿಕೊಂಡು ಅಂಗಡಿಯ ಗಾದಿಯ ಮೇಲೆ ಕುಳಿತರೆ ಗಿರಾಕಿಗಳು ನೋಡುವರೆಂಬ ನಾಚಿಕೆಗೆ ನಾನು ಸಲ್ಲೇಖನದ ಹೆಸರು ಕೊಟ್ಟಿದ್ದೆನು.

ಶಸ್ತ್ರಕ್ರಿಯೆ ಬೇಡವೆನ್ನುವವರೆಲ್ಲ ಅಂಜುಬುರುಕರೆಂದು ನನ್ನ ಅಭಿಪ್ರಾಯವಲ್ಲ. ಗ್ರಂಥಿ ಸಂಪೂರ್ಣ ಕರಗಿದ್ದರೆ ಬಹುಶಃ ನಾನೂ ಬೇಡವೆನ್ನುತ್ತಿದ್ದೆನು.

ಎಂಟು ದಿನಗಳ ಬಳಿಕ ಪುನಃ ಮಿರಜಕ್ಕೆ ಹೋಗಿ, ಮಲಾಶಯದೊಡನೆ ಎಡಬದಿಯ ಗ್ರಂಥಿಗಳನ್ನೂ ತೆಗೆಯಿರಿ, ಬಲಬದಿ ಶುದ್ಧವಿದ್ದುದರಿಂದ ಅದನ್ನು ಮುಟ್ಟುವುದು ಬೇಡ ಎಂದೆನು. ತಮ್ಮ ಸಲಹೆಯೂ ಅದೇ ಎಂದರು ವೈದ್ಯರು. ಒಪ್ಪಿಗೆಯ ಕಾಗದದ ಪ್ರತಿ ಸಾಲನ್ನೂ ಮಗನಿಂದ ಓದಿಸಿ, ಮನೆಯವಳನ್ನು ಪಕ್ಕಕ್ಕೆ ಕೂರಿಸಿಕೊಂಡು ಸಹಿ ಮಾಡಿದೆನು.